ವಾಷಿಂಗ್ಟನ್ ಮ್ಯೂಸಿಯಂ ನಮ್ಮ ತರಗತಿಗೆ ಬಂದದ್ದು ಹೀಗೆ

ದೊಡ್ಡಬಳ್ಳಾಪುರದ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಗೆ ಸೇರಿದ ನ್ಯಾಷನಲ್ ಏರ್ ಅಂಡ್ ಸ್ಪೇಸ್ ಮ್ಯೂಸಿಯಂ ಆನ್‌ಲೈನ್‌ನಲ್ಲಿ ನಡೆಸುವ ಉಚಿತ ಕಾರ್ಯಕ್ರಮಗಳನ್ನು ಕೆಲವು ವರ್ಷಗಳಿಂದ ಪಾಠಕ್ಕೆ ಬಳಸುತ್ತಿದ್ದೇನೆ. ನೀವು ಇದನ್ನು ಹೇಗೆ ಮಾಡ್ತೀರಿ ಅಂತ ಬೇರೆ ಶಾಲೆಯವರು ಕೇಳುತ್ತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಮಯದ ಲೆಕ್ಕ ನೋಡಿಕೊಳ್ಳಿ. ಅಲ್ಲಿ ರಾತ್ರಿ 8ಕ್ಕೆ ಉಪನ್ಯಾಸ ಅಂದರೆ ನಮಗೆ ಮಾರನೇ ದಿನ ಬೆಳಗ್ಗೆ 5:30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ನಮಗೆ 6:30 ಆಗುತ್ತದೆ. ಆ ಹೊತ್ತಿಗೆ ನೆಟ್ ಚೆನ್ನಾಗಿರುತ್ತದೆ, ಮನೆಯಲ್ಲಿ ಗಲಾಟೆಯೂ ಇರುವುದಿಲ್ಲ. ಹೆಸರು, ಇಮೇಲ್ ಕೊಟ್ಟು ನೋಂದಾಯಿಸಿಕೊಂಡರೆ ಲಿಂಕ್ ಬರುತ್ತದೆ. ಮಕ್ಕಳನ್ನು ನಾನು ಅಷ್ಟೊತ್ತಿಗೆ ಎಬ್ಬಿಸುವುದಿಲ್ಲ. ಎಷ್ಟೋ ಕಾರ್ಯಕ್ರಮಗಳು ಆಮೇಲೆ ಮ್ಯೂಸಿಯಂನ ಯೂಟ್ಯೂಬ್ ಚಾನೆಲ್‌ನಲ್ಲಿ ಸಿಗುತ್ತವೆ.

ಒಂದು ಗಂಟೆಯ ಇಂಗ್ಲಿಷ್ ಉಪನ್ಯಾಸವನ್ನು ಪೂರ್ತಿ ತೋರಿಸಿದರೆ ಮಕ್ಕಳು ತೂಕಡಿಸುತ್ತಾರೆ. ನಾನು ಒಂದೇ ಒಂದು ವಸ್ತು ಆರಿಸಿಕೊಳ್ಳುತ್ತೇನೆ. ಅದರ ಬಗ್ಗೆ ಮಾತಾಡುವ ಐದಾರು ನಿಮಿಷದ ಭಾಗ ಎಲ್ಲಿ ಬರುತ್ತದೆ ಅಂತ ಗುರುತು ಹಾಕಿಕೊಳ್ಳುತ್ತೇನೆ. ದನಿ ನಿಲ್ಲಿಸಿ, ಚಿತ್ರ ಓಡಿಸುತ್ತಾ ನಾನೇ ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡರೆ ನಮ್ಮ ತಯಾರಿಗೂ ಸುಲಭ. ಗಗನಯಾತ್ರಿಗಳು ಮಾತಾಡಿದರೆ ಮಕ್ಕಳಿಗೆ ಖುಷಿ, ನಿಜ. ಆದರೆ ನನ್ನ ಪ್ರಕಾರ ಪಾಠಕ್ಕೆ ಜಾಸ್ತಿ ಸಿಗುವುದು ಹಳೇ ವಸ್ತುಗಳನ್ನು ಕೆಡದಂತೆ ಕಾಪಾಡುವವರ ಮಾತಿನಲ್ಲಿ. ಅವರು ಪ್ರತಿ ಹೊಲಿಗೆ, ಪ್ರತಿ ಮೊಳೆ ತೋರಿಸಿ ವಿವರಿಸುತ್ತಾರೆ.

ನೀಲ್ ಆರ್ಮ್‌ಸ್ಟ್ರಾಂಗ್ 1969ರಲ್ಲಿ ಚಂದ್ರನ ಮೇಲೆ ತೊಟ್ಟಿದ್ದ ಸೂಟ್ ಈ ಮ್ಯೂಸಿಯಂನಲ್ಲೇ ಇದೆ. ಅದನ್ನು ಉಳಿಸಿಕೊಳ್ಳಲು 2015ರಲ್ಲಿ ಜನರಿಂದಲೇ ಆನ್‌ಲೈನ್‌ನಲ್ಲಿ ಹಣ ಕೂಡಿಸಿದರು. 7 ಲಕ್ಷ ಡಾಲರ್‌ಗೂ ಹೆಚ್ಚು ಬಂತು. 2019ರ ಜುಲೈನಲ್ಲಿ, ಮನುಷ್ಯ ಚಂದ್ರನ ಮೇಲೆ ಇಳಿದ 50ನೇ ವರ್ಷಕ್ಕೆ, ಸೂಟ್ ಮತ್ತೆ ಪ್ರದರ್ಶನಕ್ಕೆ ಬಂತು. ಒಳಗಿನ ರಬ್ಬರ್ ವರ್ಷ ಕಳೆದಂತೆ ಗಟ್ಟಿಯಾಗಿ ಪುಡಿಯಾಗುತ್ತದೆ. ಹಾಗಾಗಿ ಅದನ್ನು ತಂಪಾದ, ತೇವ ಕಡಿಮೆ ಇರುವ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ರಬ್ಬರ್ ಯಾಕೆ ಹಾಳಾಗುತ್ತದೆ ಅನ್ನುವುದೇ ಒಂದು ಪೀರಿಯಡ್‌ನ ಪಾಠ ಆಯಿತು.

ಮಕ್ಕಳು ನಿಜವಾಗಿ ಕಣ್ಣರಳಿಸಿದ್ದು ಆ ಸೂಟ್ ಹೊಲಿದವರ ಕಥೆಗೆ. ಡೆಲವೇರ್ ರಾಜ್ಯದ ಡೋವರ್ ಊರಿನಲ್ಲಿ, ಹೆಂಗಸರ ಒಳಉಡುಪು ಮಾಡುತ್ತಿದ್ದ ಕಂಪನಿಯ ಒಂದು ವಿಭಾಗಕ್ಕೆ ಈ ಕೆಲಸ ಸಿಕ್ಕಿತ್ತು. ಹೊಲಿದವರು ಅಲ್ಲಿನ ಟೈಲರ್ ಹೆಂಗಸರು. ಒಂದು ಸೂಟ್‌ಗೆ 21 ಪದರ. ಒಂದು ಗುಂಡುಪಿನ್ ಒಳಗೆ ಉಳಿದು ಗಾಳಿ ಸೋರಿದರೂ ತೊಟ್ಟವರ ಜೀವಕ್ಕೆ ಅಪಾಯ. ಅದಕ್ಕೆ ಸೂಟನ್ನು ಎಕ್ಸ್‌ರೇ ತೆಗೆದು ನೋಡುತ್ತಿದ್ದರು.

ನಮ್ಮ ಕಡೆ ಎಷ್ಟೋ ಮಕ್ಕಳ ಅಮ್ಮಂದಿರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಇದನ್ನು ಹೇಳುತ್ತಿದ್ದಂತೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, "ಮಿಸ್, ನಮ್ಮಮ್ಮನ ಫ್ಯಾಕ್ಟರೀಲೂ ಸೂಜಿ ಮುರಿದ್ರೆ ಎಲ್ಲಾ ಚೂರು ಸಿಗೋವರೆಗೂ ಬಿಡಲ್ಲ" ಅಂದಳು. ಆ ಮಾತು ಹಿಡಿದುಕೊಂಡು ಅವಳ ಅಮ್ಮನನ್ನೇ ಶಾಲೆಗೆ ಕರೆಸಿದೆ. ಮುರಿದ ಸೂಜಿಯ ಚೂರುಗಳನ್ನು ಹಾಳೆಗೆ ಅಂಟಿಸಿ ಒಪ್ಪಿಸಿದ ಮೇಲೇ ಹೊಸ ಸೂಜಿ ಕೊಡುತ್ತಾರೆ, ಬಟ್ಟೆ ಹೊರಡುವ ಮುಂಚೆ ಲೋಹ ಪತ್ತೆ ಮಾಡುವ ಮೆಷಿನ್‌ನಲ್ಲಿ ಹಾಯಿಸುತ್ತಾರೆ ಅಂತ ಅವರು ವಿವರಿಸಿದರು. ನಾಲ್ಕು ಪದರ ಬಟ್ಟೆ ಸೇರಿಸಿ ಹೊಲಿಯುವಾಗ ಕೆಳಗಿನದು ಹೇಗೆ ಜರುಗುತ್ತದೆ ಅಂತ ಮಕ್ಕಳ ಕೈಯಲ್ಲೇ ಮಾಡಿಸಿದರು. ಹಾಗಾದರೆ 21 ಪದರ? ಮಕ್ಕಳಿಗೆ ಆಗ ಅರ್ಥವಾಯಿತು. ಬಾಹ್ಯಾಕಾಶದ ಕೆಲಸ ತಮ್ಮ ಮನೆಯವರಿಗೂ ಗೊತ್ತಿರುವ ಕೆಲಸ ಅಂತ ಮಕ್ಕಳಿಗೆ ಅನಿಸಬೇಕು. ನಾನು ಇಷ್ಟೆಲ್ಲಾ ಮಾಡುವುದು ಅದಕ್ಕಾಗಿ.

ಆರ್ಮ್‌ಸ್ಟ್ರಾಂಗ್ ಚಂದ್ರನಿಗೆ ಹೋದ ಅಪೊಲೊ 11 ಯಾತ್ರೆಯ ಕೊಲಂಬಿಯಾ ನೌಕೆಯೂ ಆ ಮ್ಯೂಸಿಯಂನಲ್ಲೇ ಇದೆ. ಅದರ ತ್ರಿ-ಡಿ ಮಾದರಿಯನ್ನು ಸ್ಮಿತ್ಸೋನಿಯನ್ ಉಚಿತವಾಗಿ ಇಟ್ಟಿದೆ. ಬೆರಳಿನಲ್ಲಿ ತಿರುಗಿಸಿ ಒಳಗೆ ಇಣುಕಬಹುದು. ಸ್ಕ್ಯಾನ್ ಮಾಡುವಾಗ ಒಳಗೋಡೆಯ ಮೇಲೆ ಕೈಬರಹದ ಒಂದು ಪುಟ್ಟ ಕ್ಯಾಲೆಂಡರ್ ಸಿಕ್ಕಿತ್ತು. ಒಂದೊಂದು ದಿನ ಮುಗಿದಂತೆ ಗೀಟು ಹಾಕಿದ್ದಾರೆ, ಭೂಮಿಗೆ ಇಳಿದ ದಿನ ಮಾತ್ರ ಹಾಗೇ ಬಿಟ್ಟಿದೆ. ಅದನ್ನು ಹುಡುಕಲು ಬಿಡಿ, ಇಡೀ ತರಗತಿ ಒಂದೇ ಸ್ಕ್ರೀನಿಗೆ ಮುತ್ತಿಕೊಳ್ಳುತ್ತದೆ.

ಇನ್ನು ರೈಟ್ ಸಹೋದರರ ವಿಮಾನ. 1903ರ ಡಿಸೆಂಬರ್ 17ರಂದು ಹಾರಿದ ಅಸಲಿ ವಿಮಾನ ವಾಷಿಂಗ್ಟನ್‌ನಲ್ಲಿದೆ. ವಿಡಿಯೊ ನೋಡಿದ ಮೇಲೆ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ 120 ಅಡಿ ಅಳೆಸುತ್ತೇನೆ. ಮೊದಲ ಹಾರಾಟ ಅಷ್ಟೇ, 12 ಸೆಕೆಂಡ್. ಅದೇ ದಿನದ ನಾಲ್ಕನೇ ಹಾರಾಟ 852 ಅಡಿ, 59 ಸೆಕೆಂಡ್. ಅದನ್ನು ಅಳೆಯಲು ನಮ್ಮ ಮೈದಾನ ಸಾಲುವುದಿಲ್ಲ, ರಸ್ತೆವರೆಗೆ ಹೋಗಬೇಕು. ಒಂದೇ ದಿನದಲ್ಲಿ ಅಷ್ಟು ಸುಧಾರಿಸಿದ್ದು ಹೇಗೆ ಅಂತ ಮಕ್ಕಳೇ ಕೇಳುತ್ತಾರೆ. ಅಲ್ಲಿಂದ ಪಾಠ ತಾನಾಗಿ ಶುರುವಾಗುತ್ತದೆ.

ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಆ ವಿಮಾನದ ಅಷ್ಟೇ ದೊಡ್ಡ ಪ್ರತಿಕೃತಿ ಇದೆ. ಶಾಲೆಯಿಂದ ಅಲ್ಲಿಗೆ ಪ್ರವಾಸ ಹೋಗುವವರು ಮುಂಚೆಯೇ ವಿಡಿಯೊ ತೋರಿಸಿ. ಮಕ್ಕಳು ಸುಮ್ನೆ ಫೋಟೊ ಹೊಡೆಸಿಕೊಂಡು ಮುಂದೆ ಹೋಗುವುದಿಲ್ಲ, ಪೈಲಟ್ ಎಲ್ಲಿ ಮಲಗುತ್ತಿದ್ದ ಅಂತ ಹುಡುಕುತ್ತಾರೆ. ಶಾಲೆಯಲ್ಲಿ ನೆಟ್ ಇಲ್ಲದವರು ಫೋನಿನ ಯೂಟ್ಯೂಬ್ ಆ್ಯಪ್‌ನಲ್ಲೇ ಹಿಂದಿನ ರಾತ್ರಿ ಆಫ್‌ಲೈನ್ ಉಳಿಸಿಕೊಳ್ಳಿ. ಲೈವ್ ಇದ್ದಾಗ ಮಕ್ಕಳ ಪ್ರಶ್ನೆಗಳನ್ನು ಮೊದಲೇ ಕನ್ನಡದಲ್ಲಿ ಬರೆಸಿಕೊಂಡು, ಇಂಗ್ಲಿಷಿಗೆ ತಂದು ಚಾಟ್‌ನಲ್ಲಿ ಹಾಕಿ. ಪ್ರಶ್ನೆ ಚಿಕ್ಕದಾಗಿದ್ದರೆ ಅವರು ಎತ್ತಿಕೊಳ್ಳುವ ಸಾಧ್ಯತೆ ಜಾಸ್ತಿ.