ಬಿಜಿಎ ಅಡಿಯಲ್ಲಿ ಪವರ್ ವಯಾ: ನಾನು ಅಳತೆ ಆರಿಸುವ ಬಗೆ

ಸರ್ಕ್ಯೂಟ್ ಬೋರ್ಡಿನ ಲೇಔಟ್‌ಗೆ ಕೂತವರು ಮೊದಲು ಕೇಳುವುದು, "ಒಂದು ವಯಾ ಎಷ್ಟು ಆಂಪಿಯರ್ ತಡೆದುಕೊಳ್ಳುತ್ತೆ?" ವಯಾ ಎಂದರೆ ಬೋರ್ಡಿನ ಲೇಯರ್‌ಗಳನ್ನು ಜೋಡಿಸುವ, ಒಳಗೆ ತಾಮ್ರ ಲೇಪಿಸಿದ ತೂತು. ನಾನು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ದಟ್ಟ ಬೋರ್ಡಿನಲ್ಲಿ ವಯಾಕ್ಕಿಂತ ಮೊದಲು ಅದರ ಸುತ್ತಲಿನ ಪ್ಲೇನೇ (ಕರೆಂಟ್ ಹಂಚುವ ಅಗಲವಾದ ತಾಮ್ರದ ಹಾಳೆ) ಕೈಕೊಡುತ್ತದೆ.

ಈಗ ಮಾಡಿದ್ದು 1.6 ಮಿ.ಮೀ. ದಪ್ಪದ ಎಂಟು ಲೇಯರ್ ಬೋರ್ಡ್. 0.8 ಮಿ.ಮೀ. ಪಿಚ್‌ನ (ಬಾಲ್‌ನಿಂದ ಬಾಲ್‌ಗೆ ಇರುವ ದೂರ) ಬಿಜಿಎ, ಅಂದರೆ ಅಡಿಯಲ್ಲಿ ಬೆಸುಗೆಯ ಬಾಲ್‌ಗಳ ಸಾಲುಗಳಿರುವ ಚಿಪ್. ಅದರ ಕೋರ್‌ಗೆ 1.0 ವೋಲ್ಟ್, 10 ಆಂಪಿಯರ್. ಹೋಲ್ ಒಳಗಿನ ಪ್ಲೇಟಿಂಗ್ 20 ಮೈಕ್ರಾನ್ ಎಂದಿಟ್ಟುಕೊಂಡರೆ 0.3 ಮಿ.ಮೀ. ಡ್ರಿಲ್‌ನ ವಯಾ ಸುಮಾರು 1.6 ಮಿಲಿಓಮ್, 0.2 ಡ್ರಿಲ್‌ನದ್ದು 2.4. ಚಿಕ್ಕದನ್ನೇ ಇಪ್ಪತ್ತು ಸಮಾನಾಂತರವಾಗಿ ಹಾಕಿದರೆ ಒಟ್ಟು 0.12 ಮಿಲಿಓಮ್, ಅಂದರೆ 1.2 ಮಿಲಿವೋಲ್ಟ್ ನಷ್ಟ. ತಲೆ ಕೆಡಿಸಿಕೊಳ್ಳುವಷ್ಟೇನಲ್ಲ. ಇಂಡಕ್ಟೆನ್ಸ್‌ನಲ್ಲೂ (ಕರೆಂಟ್‌ನ ಬದಲಾವಣೆಗೆ ಒಡ್ಡುವ ಅಡ್ಡಿ) ಇವೆರಡರ ಅಂತರ ಶೇ. 10ರ ಆಸುಪಾಸು ಮಾತ್ರ. ಇಂಡಕ್ಟೆನ್ಸ್ ಇಳಿಸಬೇಕಾದರೆ ವಯಾಗಳ ಸಂಖ್ಯೆ ಹೆಚ್ಚಿಸಬೇಕು, ಪವರ್ ಪಕ್ಕಕ್ಕೇ ಗ್ರೌಂಡ್ ವಯಾ ತರಬೇಕು.

ಪ್ಲೇನ್ ಕಡೆ ಬನ್ನಿ. 0.45 ಪ್ಯಾಡಿನ (ತೂತಿನ ಸುತ್ತಲಿನ ತಾಮ್ರದ ಉಂಗುರ) ಸುತ್ತ 0.1 ಕ್ಲಿಯರೆನ್ಸ್ ಬಿಟ್ಟರೆ ಆಂಟಿಪ್ಯಾಡ್, ಅಂದರೆ ಪ್ಲೇನ್‌ಗೆ ಸೇರದ ವಯಾದ ಸುತ್ತ ತಾಮ್ರ ತೆಗೆದ ವೃತ್ತ, 0.65. ಪಕ್ಕಪಕ್ಕದ ಎರಡರ ನಡುವೆ ಉಳಿಯುವ ತಾಮ್ರ 0.15 ಮಿ.ಮೀ. ಅದೇ 0.6 ಪ್ಯಾಡ್ ಹಾಕಿದರೆ ಆಂಟಿಪ್ಯಾಡ್ 0.8, ಪಿಚ್ ಕೂಡ 0.8. ಉಳಿಯುವುದು ಸೊನ್ನೆ! ಆ 0.15ರ ಎಳೆಯೂ ಅರ್ಧ ಔನ್ಸ್ (ಸುಮಾರು 17 ಮೈಕ್ರಾನ್ ದಪ್ಪ) ತಾಮ್ರದ ಲೇಯರ್‌ನಲ್ಲಿದ್ದರೆ, ಅದರ ಅಡ್ಡಕೊಯ್ತ 0.2 ಡ್ರಿಲ್ ವಯಾದ ಕಾಲು ಭಾಗಕ್ಕಿಂತ ಕಮ್ಮಿ. ಹತ್ತು ಆಂಪಿಯರೂ ಇಂಥ ಎಳೆಗಳ ಮೂಲಕವೇ ಮಧ್ಯದ ಬಾಲ್‌ಗಳನ್ನು ತಲುಪಬೇಕು. ಸಿಗ್ನಲ್ ವಯಾಗಳೂ ಇದೇ ಪ್ಲೇನನ್ನು ಕೊರೆಯುತ್ತವೆ ಎಂಬುದನ್ನು ಮರೆತು ಪವರ್ ವಯಾ ಮಾತ್ರ ಎಣಿಸುವವರೇ ಹೆಚ್ಚು.

ಡಿಆರ್‌ಸಿ (ಲೇಔಟ್ ತಂತ್ರಾಂಶದ ನಿಯಮ ತಪಾಸಣೆ) ಇದನ್ನು ಹಿಡಿಯುತ್ತದೆ ಎಂದು ಕಾಯಬೇಡಿ. ತಾಮ್ರ ಎಲ್ಲೋ ಒಂದು ಕಡೆ ಕೂಡಿಕೊಂಡಿದ್ದರೆ ಅದಕ್ಕೆ ಸಮಾಧಾನ. ನಾನು ಬೇರೆಲ್ಲ ಲೇಯರ್ ಆಫ್ ಮಾಡಿ, ರೆಗ್ಯುಲೇಟರ್‌ನಿಂದ ಮಧ್ಯದ ಬಾಲ್‌ವರೆಗೆ ಒಂದೊಂದೇ ಸಂದು ನೋಡುತ್ತ ಹೋಗುತ್ತೇನೆ. ಕಿರಿದಾದಲ್ಲಿ ಒಂದೆರಡು ಸಿಗ್ನಲ್ ವಯಾ ಸರಿಸಿ ಪೂರ್ತಿ ಕಾಲುವೆಯನ್ನೇ ಬಿಡಿಸುತ್ತೇನೆ.

ಹಾಗಾಗಿ ಬಿಜಿಎ ಅಡಿಯಲ್ಲಿ 0.2/0.45 (ಡ್ರಿಲ್/ಪ್ಯಾಡ್), ಸಂಖ್ಯೆ ಜಾಸ್ತಿ. ರೆಗ್ಯುಲೇಟರ್ ಔಟ್‌ಪುಟ್‌ನಲ್ಲಿ ಜಾಗವಿರುತ್ತದೆ, ಅಲ್ಲಿ 0.3/0.6. ಅಲ್ಲಿ ಆಂಪಿಯರ್ ಲೆಕ್ಕ ನಿಜಕ್ಕೂ ಬೇಕು, ಏಕೆಂದರೆ ಹತ್ತು ವಯಾ ಹಾಕಿದ ಮಾತ್ರಕ್ಕೆ ಕರೆಂಟ್ ಹತ್ತು ಪಾಲಾಗುವುದಿಲ್ಲ. ಲೋಡ್ ಕಡೆಯ ಮೊದಲ ಸಾಲೇ ಹೆಚ್ಚು ಹೊರುತ್ತದೆ. ವಯಾಗಳನ್ನು ಉದ್ದಕ್ಕೆ ಸಾಲಾಗಿ ನಿಲ್ಲಿಸುವ ಬದಲು ಕರೆಂಟ್ ಹರಿವಿಗೆ ಅಡ್ಡಲಾಗಿ ಹರಡುತ್ತೇನೆ. ಥರ್ಮಲ್ ರಿಲೀಫ್ (ಬೆಸುಗೆ ಸುಲಭವಾಗಲೆಂದು ತಾಮ್ರವನ್ನು ಸಣ್ಣ ಕಡ್ಡಿಗಳಿಂದಷ್ಟೇ ಜೋಡಿಸುವುದು) ತೆಗೆದು ನೇರ ಕನೆಕ್ಷನ್ ಕೊಡುತ್ತೇನೆ.

0.2 ಡ್ರಿಲ್‌ಗೆ ಈ ದಪ್ಪದಲ್ಲಿ ಆಸ್ಪೆಕ್ಟ್ ರೇಷಿಯೋ (ಬೋರ್ಡಿನ ದಪ್ಪಕ್ಕೂ ತೂತಿನ ವ್ಯಾಸಕ್ಕೂ ಇರುವ ಅನುಪಾತ) 8:1. ಬೋರ್ಡ್ 2.4 ಮಿ.ಮೀ. ಆದರೆ 12:1, ಬಹಳಷ್ಟು ಫ್ಯಾಬ್‌ಗಳು (ಬೋರ್ಡ್ ತಯಾರಿಸುವವರು) ಹಿಂದೇಟು ಹಾಕುತ್ತವೆ. ಸ್ಟ್ಯಾಕಪ್ (ಲೇಯರ್‌ಗಳ ಜೋಡಣೆ, ದಪ್ಪ) ಗಟ್ಟಿಯಾಗುವ ಮುಂಚೆಯೇ ಫ್ಯಾಬ್‌ನವರನ್ನು ಕೇಳಿ, ಡ್ರಾಯಿಂಗ್‌ನಲ್ಲಿ ಕನಿಷ್ಠ ಪ್ಲೇಟಿಂಗ್ ದಪ್ಪ ಬರೆದುಬಿಡುತ್ತೇನೆ.