ಹಿಮ್ಮಡಿ ಸ್ಪರ್ ಆಪರೇಷನ್: ತಯಾರಿ ಮತ್ತು ಆಮೇಲಿನ 12 ವಾರ

ಸ್ಪರ್ ಎಂದರೆ ಮುಳ್ಳಿನಂತೆ ಬೆಳೆದ ಮೂಳೆ. ಹಿಮ್ಮಡಿಯ ಅಡಿಯಲ್ಲಿರುವ ಸ್ಪರ್‌ಗೆ ಕತ್ತರಿ ಹಾಕುವುದು ಅಪರೂಪ. ನನ್ನದು ಹಿಂಬದಿಯದು, ಆಕಿಲಿಸ್ ಟೆಂಡನ್ (ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ದಪ್ಪ ನಾರು) ಮೂಳೆಗೆ ಅಂಟುವ ಜಾಗದ್ದು. ಅಲ್ಲಿ ಟೆಂಡನ್ ಬಿಡಿಸಿ, ಬೆಳೆದ ಮೂಳೆ ತೆಗೆದು, ಮೂಳೆಯೊಳಗೆ ಆಂಕರ್ (ದಾರವಿರುವ ಸಣ್ಣ ಮೊಳೆ) ಹಾಕಿ ಮತ್ತೆ ಕಟ್ಟುತ್ತಾರೆ. ಮೂಳೆಯ ಕೆಲಸ ಅಲ್ಲಿಗೇ ಮುಗಿಯಿತು. ತಿಂಗಳುಗಟ್ಟಲೆ ಕಾಯಿಸುವುದು ಕಟ್ಟಿದ ಟೆಂಡನ್ನು, ಅದರ ಮೇಲಿನ ತೆಳು ಚರ್ಮ.

ವಾಕರ್ ಮೊದಲೇ ತಂದು ಒಂಟಿಗಾಲಲ್ಲಿ ಕುಪ್ಪಳಿಸಿ ಅಭ್ಯಾಸ ಮಾಡಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಬೇಕು. ನಮ್ಮ ಮನೆಗಳಲ್ಲಿ ವಾಕರ್‌ಗೆ ದೊಡ್ಡ ಶತ್ರು ಹೊಸ್ತಿಲು: ವಾಕರಿನ ನಾಲ್ಕೂ ಕಾಲು ಆಚೆ ಊರಿದ ಮೇಲೆಯೇ ಜಿಗಿಯಬೇಕು. ಕಾಲೊರೆಸುವ ಮ್ಯಾಟ್ ಎಲ್ಲ ಎತ್ತಿಡಿ. ಬಚ್ಚಲಿಗೆ ಗಟ್ಟಿಯಾದ ಕುರ್ಚಿ ಬೇಕು. ಇಂಡಿಯನ್ ಟಾಯ್ಲೆಟ್ ಇದ್ದರೆ ಕಮೋಡ್ ಚೇರ್. ಕುಕ್ಕರಗಾಲಲ್ಲಿ ಕೂತರೆ ಹೊಸ ಕಟ್ಟು ಪೂರ್ತಿ ಎಳೆಯುತ್ತದೆ.

ಸಿಗರೇಟು, ಹತೋಟಿಯಿಲ್ಲದ ಶುಗರ್ ಎರಡೂ ಗಾಯ ಕೂಡಲು ಬಿಡವು. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮುಂಚೆಯೇ ಹೇಳಿ, ನೀವಾಗಿ ನಿಲ್ಲಿಸಬೇಡಿ. ಕಾಲಿನ ಕೂದಲು ಮನೆಯಲ್ಲಿ ಬೋಳಿಸಬಾರದು, ಬ್ಲೇಡಿನ ಸಣ್ಣ ಗೀರೂ ಸೋಂಕಿಗೆ ದಾರಿ. ನೇಲ್ ಪಾಲಿಷ್, ಕಾಲುಂಗುರ ತೆಗೆಯಿರಿ.

ಆಪರೇಷನ್ ಆದ ರಾತ್ರಿ ಬಹಳ ಜನ ಎಡವುವುದು ಒಂದೇ ಕಡೆ. ಕಾಲು ಮರಗಟ್ಟಿರುತ್ತದೆ, ನೋವಿಲ್ಲ, ಮಾತ್ರೆ ಯಾಕೆ ಎಂದು ಬಿಡುತ್ತಾರೆ. ನರದ ಬ್ಲಾಕ್ (ಕಾಲು ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟಿದ್ದರೆ ಅದು ಹೆಚ್ಚಾಗಿ 12ರಿಂದ 24 ಗಂಟೆಯೊಳಗೆ ಇಳಿಯುತ್ತದೆ, ನಡುರಾತ್ರಿಯಾದರೂ ಸರಿ! ಬರೆದುಕೊಟ್ಟ ಮಾತ್ರೆಯನ್ನು ಗಡಿಯಾರ ನೋಡಿ ನುಂಗಬೇಕು, ನೋವು ನೋಡಿ ಅಲ್ಲ. ಟ್ರಮಡಾಲ್ ಎಂಬ ನೋವಿನ ಮಾತ್ರೆ ಕೊಟ್ಟಿದ್ದರೆ ಮಲ ಕಟ್ಟಬಹುದು. ಡಾಕ್ಟರನ್ನು ಕೇಳಿ ಅದಕ್ಕೊಂದು ಮದ್ದು ಇಟ್ಟುಕೊಳ್ಳಿ.

ಮೊದಲ 2 ವಾರ ಪಾದ ಎದೆಗಿಂತ ಮೇಲಿರಬೇಕು. ದಿಂಬು ಮೀನಖಂಡದಡಿ ಇರಲಿ, ಹಿಮ್ಮಡಿ ಗಾಳಿಯಲ್ಲಿ ತೇಲಲಿ. ಹಿಮ್ಮಡಿಯಡಿ ದಿಂಬು ತುರುಕಿದರೆ ಭಾರವೆಲ್ಲ ಹೊಲಿಗೆಯ ಮೇಲೆ, ಅಂಚು ಕಪ್ಪಾಗುವುದು ಹೀಗೂ ಉಂಟು. ಸ್ನಾನಕ್ಕೆ ಸ್ಲ್ಯಾಬ್ (ಕಾಲಿಗೆ ಹಾಕಿದ ಅರೆ ಪ್ಲಾಸ್ಟರ್ ಪಟ್ಟಿ) ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ ಕಾಲನ್ನು ಸ್ಟೂಲಿನ ಮೇಲೆ ಹೊರಗೇ ಚಾಚಿ. ಅರಿಸಿನ, ಎಣ್ಣೆ ಬೇಡ, ಯಾವ ಹಿರಿಯರು ಹೇಳಿದರೂ.

ಸುಮಾರು 2–3 ವಾರಕ್ಕೆ ಹೊಲಿಗೆ ತೆಗೆದು, ಪಾದ ಅಲುಗದಂತೆ ಹಿಡಿಯುವ ಬೂಟ್ ಹಾಕುತ್ತಾರೆ. ಒಳಗೆ ಹಿಮ್ಮಡಿಯಡಿ ಅದನ್ನು ಎತ್ತರಿಸುವ ಬೆಣೆಯಾಕಾರದ ತುಂಡುಗಳು, ಅಂದರೆ ವೆಜ್‌ಗಳಿರುತ್ತವೆ. ಡಾಕ್ಟರ್ ಹೇಳಿದ ಅಂತರದಲ್ಲಿ ಒಂದೊಂದೇ ತೆಗೆಯಬೇಕು. ಬೇಗ ತೆಗೆದರೆ ಟೆಂಡನ್ ಎಳೆಯುತ್ತದೆ. ಬೂಟ್ ಎತ್ತರ, ಇನ್ನೊಂದು ಕಾಲಿಗೆ ಹವಾಯಿ ಚಪ್ಪಲಿ ಹಾಕಿದರೆ ಸೊಂಟ ಹಿಡಿಯುವುದು ಖಚಿತ. ಆ ಕಾಲಿಗೆ ದಪ್ಪ ಅಟ್ಟೆಯ ಶೂ ಹಾಕಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು.

ಮೀನಖಂಡ ಬಿಗಿದು ನೋವು, ಉಸಿರು ಕಟ್ಟುವುದು, ಜ್ವರ, ಗಾಯದಿಂದ ಕೀವು, ಇವಕ್ಕೆ ಮಾತ್ರ ಬೆಳಗಾಗಲಿ ಎಂದು ಕಾಯಬಾರದು.

8ರಿಂದ 12 ವಾರದ ನಡುವೆ ಮಾಮೂಲಿ ಶೂ. ಹಿಮ್ಮಡಿ ಎತ್ತುವ ವ್ಯಾಯಾಮ ಫಿಸಿಯೋ ಒಪ್ಪಿದ ಮೇಲೆ ಸಮತಟ್ಟು ನೆಲದಲ್ಲಿ, ಎರಡೂ ಕಾಲಲ್ಲಿ ಶುರು. ಮೆಟ್ಟಿಲಂಚಿನಲ್ಲಿ ಹಿಮ್ಮಡಿ ಇಳಿಬಿಡುವುದು ಬೇಡ. ಸಂಜೆ ಬಾವು 6 ತಿಂಗಳಾದರೂ ಬರುತ್ತದೆ, ಶೂ ಕೊಳ್ಳಲು ಹೋಗುವುದಾದರೆ ಸಂಜೆಯೇ ಹೋಗಿ.