ಮೊದಲು ಟ್ರಾನ್ಸ್‌ಫಾರ್ಮರ್, ಆಮೇಲೆ ವಾಲ್ವ್: ಮನೆಯಲ್ಲೇ ಕಟ್ಟುವ ಆಂಪ್ಲಿಫೈಯರ್

ಅಂಗಡಿಗೆ ಹೋದವರು ಮೊದಲು ವಾಲ್ವ್ (ಹಳೇ ರೇಡಿಯೊಗಳ ಒಳಗೆ ಬೆಳಗುತ್ತಿದ್ದ ಗಾಜಿನ ಕೊಳವೆ) ಕೊಂಡು ತರಬೇಡಿ. ವಾಲ್ವ್ ಆಂಪ್ಲಿಫೈಯರ್ ಕಟ್ಟಬೇಕು ಅಂತ ಹೊರಟಾಗ ನಾನೂ ಅದನ್ನೇ ಮಾಡಿದ್ದೆ. ಗಾಜಿನ ವಾಲ್ವ್ ಕೈಗೆ ಬಂದರೆ ಆಸೆ ಹುಟ್ಟುವುದು ಸಹಜ. ಆದರೆ ಸದ್ದು ಚೆನ್ನಾಗಿ ಬರುವುದೂ ಕೆಡುವುದೂ ಕಬ್ಬಿಣದಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರ್‌ಗಳಲ್ಲಿ. ದುಡ್ಡು, ಗಮನ ಎರಡನ್ನೂ ಮೊದಲು ಅಲ್ಲಿಗೆ ಕೊಡಿ.

ನಾವು ಕಟ್ಟಲಿರುವುದು ಚಿಕ್ಕ ಸ್ಟೀರಿಯೊ. ಬೇಕಾದ ವಾಲ್ವ್‌ಗಳು ಎರಡು ಇಎಲ್84, ಒಂದು ಇಸಿಸಿ83. ಒಂದೊಂದು ಕಡೆಗೆ ಹೆಚ್ಚೂಕಡಿಮೆ 2 ವಾಟ್. ‘ಎರಡೇ ವಾಟಾ?’ ಅನ್ನಿಸಬಹುದು. 90 ಡೆಸಿಬಲ್ ಸೂಕ್ಷ್ಮತೆಯ ಸ್ಪೀಕರ್‌ಗೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 90 ಡೆಸಿಬಲ್ ಸದ್ದು ಬರುತ್ತದೆ. ಮಲಗುವ ಕೋಣೆಗೆ, ಸಣ್ಣ ಹಾಲ್‌ಗೆ ಅದು ಧಾರಾಳ. ಸ್ಪೀಕರ್ ಕೊಳ್ಳುವಾಗ ವಾಟ್ ಕೇಳುವ ಬದಲು ಈ ಸೂಕ್ಷ್ಮತೆಯ ಅಂಕಿ ನೋಡಿ. 8 ಓಮ್‌ನದ್ದೇ ಇರಲಿ.

ಓದದೆ ಮುಂದೆ ಹೋಗಬೇಡಿ

ಇದರೊಳಗೆ 300 ವೋಲ್ಟ್‌ನಷ್ಟು ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಮುಟ್ಟಿದರೆ ಜೀವ ಹೋಗಬಹುದು. ಚಾಲೂ ಇರುವಾಗ ಅಳೆಯಬೇಕಾದರೆ ಒಂದು ಕೈ ಬೆನ್ನ ಹಿಂದೆ ಇರಲಿ. ಕಾಲಿಗೆ ರಬ್ಬರ್ ಚಪ್ಪಲಿ ಹಾಕಿ. ಮನೆಯಲ್ಲಿ ಒಬ್ಬರೇ ಇದ್ದಾಗ ಈ ಕೆಲಸ ಬೇಡ. ಸೋಲ್ಡರಿಂಗ್, ಮಲ್ಟಿಮೀಟರ್ ಎರಡೂ ಕೈಗೆ ಪಳಗಿರದಿದ್ದರೆ ಮೊದಲು 12 ವೋಲ್ಟ್‌ನ ಐಸಿ ಆಂಪ್ಲಿಫೈಯರ್ ಒಂದೆರಡು ಕಟ್ಟಿ. ಆಮೇಲೆ ಇದಕ್ಕೆ ಬನ್ನಿ.

ಟ್ರಾನ್ಸ್‌ಫಾರ್ಮರ್ ಸುತ್ತಿಸುವುದು

ಬೇಕಾದದ್ದು ಮೂರು: ಒಂದು ಪವರ್ ಟ್ರಾನ್ಸ್‌ಫಾರ್ಮರ್, ಎರಡು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಸ್ಟೆಬಿಲೈಸರ್, ಯುಪಿಎಸ್‌ಗೆ ಕಾಯಿಲ್ ಸುತ್ತಿಕೊಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಪವರ್ ಟ್ರಾನ್ಸ್‌ಫಾರ್ಮರ್ ಅವರಿಗೆ ಸಲೀಸು. ಚೀಟಿಯಲ್ಲಿ ಹೀಗೆ ಬರೆದುಕೊಡಿ: ಪ್ರೈಮರಿ (ಕರೆಂಟ್ ಒಳಬರುವ ಸುತ್ತು) 230 ವೋಲ್ಟ್, ಸೆಕೆಂಡರಿ (ಹೊರಹೋಗುವ ಸುತ್ತು) 200 ವೋಲ್ಟ್, 150 ಮಿಲಿ ಆಂಪಿಯರ್, ಇನ್ನೊಂದು ಸೆಕೆಂಡರಿ 6.3 ವೋಲ್ಟ್, 3 ಆಂಪಿಯರ್. ಮೂರೂ ವಾಲ್ವ್‌ಗಳ ಫಿಲಮೆಂಟ್ (ಒಳಗೆ ಕಾಯುವ ತಂತಿ) ಎಳೆಯುವುದು 1.82 ಆಂಪಿಯರ್ ಮಾತ್ರ. ಜಾಸ್ತಿ ಕೇಳಿದರೆ ಟ್ರಾನ್ಸ್‌ಫಾರ್ಮರ್ ತಣ್ಣಗಿರುತ್ತದೆ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ವಿಷಯದಲ್ಲಿ ಮಾತ್ರ ನೀವೇ ಕೂತು ವಿವರಿಸಬೇಕು. 5 ಕಿಲೊ ಓಮ್‌ನಿಂದ 8 ಓಮ್‌ಗೆ, 10 ವಾಟ್‌ನ ಕೋರ್ (ಒಳಗಿನ ಕಬ್ಬಿಣ), ಪ್ರೈಮರಿಯಲ್ಲಿ 50 ಮಿಲಿ ಆಂಪಿಯರ್ ಡಿಸಿ ಹರಿಯುತ್ತದೆ ಅಂತ ಹೇಳಿ. ಈ ಡಿಸಿಯೇ ಮುಖ್ಯ. ಕರೆಂಟ್ ಸದಾ ಒಂದೇ ದಿಕ್ಕಿನಲ್ಲಿ ಹರಿದರೆ ಕೋರ್ ಕಾಂತದಿಂದ ತುಂಬಿಹೋಗುತ್ತದೆ, ಕೆಳಗಿನ ಸ್ವರಗಳು ಸತ್ತುಹೋಗುತ್ತವೆ. ಅದಕ್ಕೇ ಸಾಮಾನ್ಯ ಟ್ರಾನ್ಸ್‌ಫಾರ್ಮರ್‌ನ ಹಾಗೆ ಇಂಗ್ಲಿಷಿನ ಇ, ಐ ಅಕ್ಷರದ ಆಕಾರದ ಕಬ್ಬಿಣದ ಪಟ್ಟಿಗಳನ್ನು ಅದಲು ಬದಲಾಗಿ ಹೆಣೆಯಬಾರದು. ಇ ಎಲ್ಲ ಒಂದು ಕಡೆ, ಐ ಎಲ್ಲ ಇನ್ನೊಂದು ಕಡೆ, ನಡುವೆ ಒಂದು ತೆಳು ಕಾಗದ. ನನಗೆ ಸುತ್ತಿಕೊಟ್ಟವರು ‘ಗ್ಯಾಪ್ ಬಿಟ್ರೆ ಸರಿ ಹೋಗಲ್ಲ ಸಾರ್’ ಅಂತ ಎರಡು ಸಲ ತಡೆದರು. ಕಾರಣ ಹೇಳಿದ ಮೇಲೆ ತಾವೇ ಕಾಗದ ಕತ್ತರಿಸಿ ಇಟ್ಟರು.

ಕೈಗೆ ಬಂದ ಮೇಲೆ ಒಂದು ಸುಲಭ ಪರೀಕ್ಷೆ ಮಾಡಿ. 5 ಕಿಲೊ ಓಮ್‌ನಿಂದ 8 ಓಮ್‌ಗೆ ಇಳಿಯಬೇಕಾದರೆ ಸುತ್ತುಗಳ ಲೆಕ್ಕ 25ಕ್ಕೆ 1. ಪವರ್ ಟ್ರಾನ್ಸ್‌ಫಾರ್ಮರ್‌ನ 6.3 ವೋಲ್ಟ್ ತಂತಿಗಳನ್ನು ಇದರ ಪ್ರೈಮರಿಗೆ ಕೊಡಿ. ಸೆಕೆಂಡರಿಯಲ್ಲಿ ಕಾಲು ವೋಲ್ಟ್ ಬಂದರೆ ಸುತ್ತು ಸರಿ ಇದೆ. ಅರ್ಧ ವೋಲ್ಟ್ ಬಂದರೆ ವಾಪಸ್ ಕೊಡಿ.

ವಾಲ್ವ್ ಹುಡುಕಾಟ

ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ಬೆಂಗಳೂರಿನಲ್ಲೇ ರೇಡಿಯೊ ವಾಲ್ವ್ ತಯಾರಿಸುತ್ತಿತ್ತು. ಆ ಬಿಇಎಲ್ ಮುದ್ರೆಯ ಇಎಲ್84 ಈಗಲೂ ಹಳೇ ರೇಡಿಯೊ ರಿಪೇರಿ ಮಾಡುವವರ ಡಬ್ಬಗಳಲ್ಲಿ ಸಿಗುತ್ತವೆ. ನಮ್ಮೂರಿನಲ್ಲೇ ಮಾಡಿದ ವಾಲ್ವ್‌ನಲ್ಲಿ ಹಾಡು ಕೇಳುವ ಖುಷಿಯೇ ಬೇರೆ. ಸಿಗದಿದ್ದರೆ ಚಿಂತೆ ಬೇಡ. ಸ್ಲೊವಾಕಿಯ, ರಷ್ಯಾಗಳಲ್ಲಿ ಮಾಡಿದ ಹೊಸ ವಾಲ್ವ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಇಎಲ್84ಕ್ಕೆ ಅಮೆರಿಕದ ಹೆಸರು 6ಬಿಕ್ಯೂ5, ಇಸಿಸಿ83ಕ್ಕೆ 12ಎಎಕ್ಸ್7.

ಹೆಸರಿನ ಮೊದಲ ಅಕ್ಷರವನ್ನು ಸರಿಯಾಗಿ ಓದಿ. ಇ ಅಂದರೆ ಫಿಲಮೆಂಟ್‌ಗೆ 6.3 ವೋಲ್ಟ್. ಯು ಅಂದರೆ 100 ಮಿಲಿ ಆಂಪಿಯರ್‌ನ ಸಾಲು ಜೋಡಣೆಗೆ ಮಾಡಿದ್ದು. ಯುಎಲ್84 ನೋಡಲು ಥೇಟ್ ಇಎಲ್84ರ ಹಾಗೇ ಇರುತ್ತದೆ. ಆದರೆ ಅದರ ಫಿಲಮೆಂಟ್‌ಗೆ 45 ವೋಲ್ಟ್ ಬೇಕು. ಅಕ್ಷರ ಅಳಿಸಿಹೋದ ವಾಲ್ವ್ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಮಿಕ್ಕ ಸಾಮಾನು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಒಂದೇ ಬೆಳಿಗ್ಗೆ ಮುಗಿಯುತ್ತದೆ. ಪಿಂಗಾಣಿಯ 9 ಪಿನ್ ಬೇಸ್ ಮೂರು, 1ಎನ್4007 ಡಯೋಡ್ ನಾಲ್ಕು, 100 ಕಿಲೊ ಓಮ್‌ನ ಜೋಡಿ ವಾಲ್ಯೂಮ್ ಕಂಟ್ರೋಲ್ (ಮೇಲೆ ಎ ಅಂತ ಇರುವ ಲಾಗ್ ನಮೂನೆ), ಅಲ್ಯೂಮಿನಿಯಂ ಚಾಸಿ (ಎಲ್ಲವನ್ನೂ ಕೂರಿಸುವ ಪೆಟ್ಟಿಗೆ), ಫ್ಯೂಸ್, ಸ್ವಿಚ್, ಮೂರು ಪಿನ್ನಿನ ಕೇಬಲ್.

ಕೆಪಾಸಿಟರ್ ಮಾತ್ರ ಹೊಸದೇ ಆಗಿರಲಿ. ನನ್ನ ಮೊದಲ ಆಂಪ್ಲಿಫೈಯರ್‌ಗೆ ಹಳೇ ರೇಡಿಯೊದಿಂದ ಬಿಚ್ಚಿದ ಕಾಗದದ ಕಂಡೆನ್ಸರ್ (ಕೆಪಾಸಿಟರ್‌ಗೇ ಹಳೇ ಹೆಸರು) ಹಾಕಿದ್ದೆ. ಹತ್ತು ನಿಮಿಷ ಹಾಡು ಚೆನ್ನಾಗಿಯೇ ಬಂತು. ಆಮೇಲೆ ದನಿ ಒಡೆಯತೊಡಗಿತು. ದೀಪ ಆರಿಸಿ ನೋಡಿದರೆ ಫಿಲಮೆಂಟ್ ಅಲ್ಲ, ಅದರ ಸುತ್ತಲಿನ ಬೂದು ಬಣ್ಣದ ಪ್ಲೇಟ್ ಕೆಂಪಗಾಗಿತ್ತು. ಕಂಡೆನ್ಸರ್ ಡಿಸಿಯನ್ನು ಗ್ರಿಡ್‌ಗೆ (ವಾಲ್ವ್‌ನೊಳಗೆ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ) ಸೋರಿಸುತ್ತಿತ್ತು. ವಾಲ್ವ್ ತಡೆ ಇಲ್ಲದೆ ಕರೆಂಟ್ ಎಳೆಯುತ್ತಿತ್ತು. ಪ್ಲೇಟ್ ಕೆಂಪಾದದ್ದು ಕಂಡರೆ ಆ ಕ್ಷಣವೇ ಆಫ್ ಮಾಡಿ.

ಜೋಡಣೆ

ಪವರ್ ಸಪ್ಲೈಯಿಂದ ಶುರು ಮಾಡಿ. 200 ವೋಲ್ಟ್ ಎಸಿ ನಾಲ್ಕು ಡಯೋಡ್‌ಗಳ ಬ್ರಿಡ್ಜ್‌ಗೆ ಹೋಗಲಿ. ಅಲ್ಲಿಂದ 100 ಎಂಎಫ್‌ಡಿ (ಮೈಕ್ರೊಫ್ಯಾರಡ್) ಕೆಪಾಸಿಟರ್, ಆಮೇಲೆ 220 ಓಮ್ 5 ವಾಟ್ ರೆಸಿಸ್ಟರ್, ಮತ್ತೆ 100 ಎಂಎಫ್‌ಡಿ. ಎರಡೂ 450 ವೋಲ್ಟ್‌ನವೇ ಬೇಕು. ವಾಲ್ವ್ ಬಿಸಿಯಾಗುವ ಮುಂಚೆ ಲೋಡ್ ಇರುವುದಿಲ್ಲ, ಆಗ ವೋಲ್ಟೇಜ್ 300 ದಾಟಬಹುದು. ಕೊನೆಯ ಕೆಪಾಸಿಟರ್‌ಗೆ ಅಡ್ಡಲಾಗಿ 220 ಕಿಲೊ ಓಮ್ 2 ವಾಟ್ ರೆಸಿಸ್ಟರ್ ಹಾಕಿ. ಆಫ್ ಮಾಡಿದ ಮೇಲೆ ಚಾರ್ಜ್ ಇಳಿಸುವುದು ಇದೇ. ಎರಡು ನಿಮಿಷ ಕಾಯಿರಿ, ಆಮೇಲೂ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ. ಮೇನ್ಸ್ ಲೈನಿಗೆ 500 ಮಿಲಿ ಆಂಪಿಯರ್ ಫ್ಯೂಸ್ ಹಾಕಿ, ಅರ್ಥ್ ತಂತಿಯನ್ನು ಚಾಸಿಗೆ ಗಟ್ಟಿಯಾಗಿ ಬೋಲ್ಟ್ ಮಾಡಿ.

ಪಿನ್ ಎಣಿಸುವುದು ಬೇಸ್‌ನ ಕೆಳಗಿನಿಂದ. ಖಾಲಿ ಜಾಗದಿಂದ ಶುರು ಮಾಡಿ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಎಣಿಸಿ. ಮೊದಲು ಫಿಲಮೆಂಟ್ ತಂತಿ ಎಳೆಯಿರಿ. ಎರಡನ್ನೂ ಜಡೆ ಹೆಣೆದ ಹಾಗೆ ಬಿಗಿಯಾಗಿ ತಿರುಚಿ, ಚಾಸಿಯ ಮೂಲೆಗೆ ಒತ್ತಿ. ಇಎಲ್84ರಲ್ಲಿ 4 ಮತ್ತು 5. ಇಸಿಸಿ83ರಲ್ಲಿ 4, 5 ಸೇರಿಸಿ ಒಂದು ತಂತಿ, 9ಕ್ಕೆ ಇನ್ನೊಂದು. ಈ ಎರಡು ತಂತಿಗಳಿಂದ 100 ಓಮ್‌ನ ಒಂದೊಂದು ರೆಸಿಸ್ಟರ್ ಗ್ರೌಂಡ್‌ಗೆ ಹೋಗಲಿ.

ಇನ್ನು ಎಡ ಚಾನೆಲ್. ವಾಲ್ಯೂಮ್ ಕಂಟ್ರೋಲ್‌ನ ನಡುಕಾಲು ಇಸಿಸಿ83ರ 2ನೇ ಪಿನ್ನಿಗೆ. 3ನೇ ಪಿನ್ನಿನಿಂದ ಗ್ರೌಂಡ್‌ಗೆ 1.5 ಕಿಲೊ ಓಮ್. 1ನೇ ಪಿನ್ನಿಗೆ 100 ಕಿಲೊ ಓಮ್ ಮೂಲಕ ಸಪ್ಲೈ. ಈ ಸಪ್ಲೈಗೆ ಮುಂಚೆ 10 ಕಿಲೊ ಓಮ್, 22 ಎಂಎಫ್‌ಡಿ 450 ವೋಲ್ಟ್‌ನ ಇನ್ನೊಂದು ಸೋಸುವಿಕೆ ಇರಲಿ. ಅದೇ 1ನೇ ಪಿನ್ನಿನಿಂದ 0.1 ಎಂಎಫ್‌ಡಿ 630 ವೋಲ್ಟ್ ಫಿಲ್ಮ್ ಕೆಪಾಸಿಟರ್, ಅಲ್ಲಿಂದ 1 ಕಿಲೊ ಓಮ್ ಮೂಲಕ ಇಎಲ್84ರ 2ನೇ ಪಿನ್ನಿಗೆ. ಕೆಪಾಸಿಟರ್‌ನ ಆಚೆ ತುದಿಯಿಂದ ಗ್ರೌಂಡ್‌ಗೆ 470 ಕಿಲೊ ಓಮ್. ಇಎಲ್84ರ 3ನೇ ಪಿನ್ನಿನಿಂದ ಗ್ರೌಂಡ್‌ಗೆ 270 ಓಮ್ 2 ವಾಟ್, ಅದಕ್ಕೆ ಅಡ್ಡಲಾಗಿ 220 ಎಂಎಫ್‌ಡಿ 25 ವೋಲ್ಟ್. 7ನೇ ಪಿನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಗೆ, ಪ್ರೈಮರಿಯ ಇನ್ನೊಂದು ತುದಿ ಸಪ್ಲೈಗೆ. 9ನೇ ಪಿನ್ನನ್ನು 100 ಓಮ್ ಮೂಲಕ 7ಕ್ಕೇ ಸೇರಿಸಿ. ಬಲ ಚಾನೆಲ್‌ಗೂ ಇದೇ ಲೆಕ್ಕ. ಇಸಿಸಿ83ರಲ್ಲಿ ಮಾತ್ರ 1, 2, 3ರ ಜಾಗದಲ್ಲಿ 6, 7, 8 ಬಳಸಿ.

9ನ್ನು 7ಕ್ಕೆ ಸೇರಿಸಿದಾಗ ಇಎಲ್84 ಟ್ರಯೋಡ್ (ಮೂರು ಎಲೆಕ್ಟ್ರೋಡ್‌ನ ವಾಲ್ವ್) ಆಗುತ್ತದೆ. ಹಾಗೆ ಸೇರಿಸದೆ ಪೆಂಟೋಡ್ (ಐದು ಎಲೆಕ್ಟ್ರೋಡ್‌ನದ್ದು) ಆಗಿಯೇ ಓಡಿಸಿದರೆ 5 ವಾಟ್ ದಾಟಬಹುದು. ಆದರೆ ಆಗ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದಿಷ್ಟನ್ನು ಹಿಂದಕ್ಕೆ ಕೊಡುವ ಜೋಡಣೆ) ಬೇಕಾಗುತ್ತದೆ, ಹೊಸಬರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲ ಆಂಪ್ಲಿಫೈಯರ್‌ಗೆ ಟ್ರಯೋಡೇ ಸರಿ. ಮನುಷ್ಯರ ದನಿ ಇದರಲ್ಲಿ ಬಹಳ ಹತ್ತಿರದಿಂದ ಕೇಳಿಸುತ್ತದೆ.

ಮೊದಲ ಸಲ ಆನ್

ಎಲೆಕ್ಟ್ರಿಷಿಯನ್‌ಗಳ ಬಳಿ ಇರುವ ಸೀರೀಸ್ ಬಲ್ಬ್ ಬೋರ್ಡ್ ಒಂದು ಮಾಡಿಕೊಳ್ಳಿ. ಅದಕ್ಕೆ 60 ವಾಟ್‌ನ ಹಳೇ ತಂತಿ ಬಲ್ಬ್ ಬೇಕು, ಎಲ್‌ಇಡಿ ನಡೆಯುವುದಿಲ್ಲ. ವಾಲ್ವ್ ಹಾಕದೆ ಆನ್ ಮಾಡಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ. ಬೆಳಗುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಆಮೇಲೆ ಸ್ಪೀಕರ್ ಸೇರಿಸಿ, ವಾಲ್ವ್ ಹಾಕಿ, ಬಲ್ಬ್ ತೆಗೆದು ಆನ್ ಮಾಡಿ. ಸ್ಪೀಕರ್ ಇಲ್ಲದೆ ಯಾವತ್ತೂ ಹಾಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಒಂದು ನಿಮಿಷ ಬಿಟ್ಟು ಇಎಲ್84ರ 3ನೇ ಪಿನ್ ಅಳೆಯಿರಿ. 9 ವೋಲ್ಟ್ ಆಸುಪಾಸು ಬರಬೇಕು. ಅದನ್ನು 270ರಿಂದ ಭಾಗಿಸಿದರೆ ವಾಲ್ವ್ ಎಳೆಯುತ್ತಿರುವ ಕರೆಂಟ್ ಸಿಗುತ್ತದೆ: ಸುಮಾರು 33 ಮಿಲಿ ಆಂಪಿಯರ್. 12 ವೋಲ್ಟ್ ತೋರಿಸಿದರೆ ಆಫ್ ಮಾಡಿ, ಆ 0.1 ಎಂಎಫ್‌ಡಿ ಕೆಪಾಸಿಟರನ್ನು ಮೊದಲು ಅನುಮಾನಿಸಿ. ಇಸಿಸಿ83ರ 1 ಮತ್ತು 6ರಲ್ಲಿ 150ರಿಂದ 180 ವೋಲ್ಟ್ ಇದ್ದರೆ ಹಾಡು ಹಾಕಬಹುದು.

ಗುಂಯ್ ಅನ್ನುವುದು

ಹಾಡಿನ ಹಿಂದೆ ಗುಂಯ್ ಅನ್ನುವ ಸದ್ದು ಬಂದರೆ ಮೊದಲು ಗ್ರೌಂಡ್ ತಂತಿಗಳನ್ನು ನೋಡಿ. ಎಲ್ಲ ಗ್ರೌಂಡ್‌ಗಳೂ ಒಂದೇ ಬೋಲ್ಟ್‌ಗೆ ಬಂದು ಸೇರಬೇಕು. ಅದೂ ಸರಿ ಇದ್ದರೆ, ಟ್ರಾನ್ಸ್‌ಫಾರ್ಮರ್‌ಗಳು ಒಂದನ್ನೊಂದು ‘ಕೇಳಿಸಿಕೊಳ್ಳುತ್ತಿವೆ’ ಅಂತ ಅರ್ಥ. ಇದನ್ನು ಚಾಸಿಗೆ ತೂತು ಕೊರೆಯುವ ಮುಂಚೆಯೇ ಪರೀಕ್ಷಿಸಬಹುದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ 8 ಓಮ್ ತಂತಿಗಳಿಗೆ ಹಳೇ ಹೆಡ್‌ಫೋನ್ ಕಟ್ಟಿ. ಪಕ್ಕದಲ್ಲಿ ಪವರ್ ಟ್ರಾನ್ಸ್‌ಫಾರ್ಮರ್ ಮಾತ್ರ ಆನ್ ಮಾಡಿ, ಅದರ ತಂತಿ ತುದಿಗಳಿಗೆಲ್ಲ ಟೇಪ್ ಸುತ್ತಿರಲಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಮೇಜಿನ ಮೇಲೆ ಮೆಲ್ಲಗೆ ತಿರುಗಿಸಿ. ಗುಂಯ್ ಜೋರಾಗಿ, ಕಮ್ಮಿಯಾಗಿ, ಒಂದು ಕೋನದಲ್ಲಿ ಪೂರ್ತಿ ಅಡಗುತ್ತದೆ. ಬಹುಪಾಲು ಅದು 90 ಡಿಗ್ರಿ ಅಡ್ಡ ಇಟ್ಟ ಕೋನ. ಅಲ್ಲೇ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಆಮೇಲೆ ಡ್ರಿಲ್ ಹಿಡಿಯಿರಿ.

ಎಲ್ಲ ಮುಗಿದ ಮೇಲೆ ಅಳೆದ ವೋಲ್ಟೇಜ್‌ಗಳನ್ನು ತಾರೀಕಿನ ಸಮೇತ ಒಂದು ಚೀಟಿಯಲ್ಲಿ ಬರೆದು ಚಾಸಿಯ ತಳದ ತಗಡಿನ ಒಳಗೆ ಅಂಟಿಸಿ. ಮುಂದೆ ದನಿ ಮಂಕಾದಾಗ ವಾಲ್ವ್ ಸವೆದಿದೆಯೋ, ಬೇರೇನೋ ಕೆಟ್ಟಿದೆಯೋ ಅನ್ನುವುದು ಆ ಚೀಟಿಗೆ ಹೋಲಿಸಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.